ರಾಜಕೀಯ ಸುದ್ದಿಗೆ ಪೇಪರೋ, ಟಿ.ವಿ.ಯೋ, ಯೂಟ್ಯೂಬೋ, ವಾಟ್ಸಾಪೋ?

2023ರ ಏಪ್ರಿಲ್ 5ರಂದು ಅಮುಲ್ ಒಂದು ಟ್ವೀಟ್ ಹಾಕಿತು. ಬೆಂಗಳೂರಿಗೆ ತಾಜಾ ಹಾಲು, ಮೊಸರು ತರುತ್ತಿದ್ದೇವೆ ಅಂತ. ವಿಧಾನಸಭೆ ಚುನಾವಣೆಗೆ ಸರಿಯಾಗಿ ಐದು ವಾರ ಉಳಿದಿತ್ತು. ಆ ಭಾನುವಾರ ನಾವೆಲ್ಲ ತಿಪಟೂರಿನ ಮನೆಯಲ್ಲಿ ಸೇರಿದ್ದೆವು. ಪೇಪರ್ ಓದಿದ್ದ ಅಪ್ಪ, "ಸದ್ಯಕ್ಕೆ ಆನ್‌ಲೈನಲ್ಲಿ ಮಾತ್ರ ಮಾರ್ತಾರಂತೆ, ಅಂಗಡಿಗೆ ಬರಲ್ಲ" ಅಂದರು. ಟಿ.ವಿ. ನೋಡಿದ್ದ ಅಮ್ಮನಿಗೆ ನಂದಿನಿ ಬೂತ್ ಮುಚ್ಚಿಬಿಡುತ್ತಾರೇನೋ ಎಂಬ ಭಯ. ಭಾವನ ವಾಟ್ಸಾಪ್‌ನಲ್ಲಿ ನಂದಿನಿ ಹಾಲಿನ ಕೆಎಂಎಫ್ ಆಗಲೇ ಮಾರಾಟವಾಗಿ ಹೋಗಿತ್ತು. ಅದೇ ಫೋನಿನ ಇನ್ನೊಂದು ಗುಂಪಿನಲ್ಲಿ ಇದೆಲ್ಲ ಬರೀ ಚುನಾವಣೆ ನಾಟಕ. ಅಕ್ಕನ ಮಗ ಮಾತ್ರ ನಂದಿನಿ ಪ್ಯಾಕೆಟ್ ಹಿಡಿದು ಕುಣಿಯುವ ರೀಲ್ಸ್ ನೋಡಿ ನಗುತ್ತಿದ್ದ. ಐದೂ ಲೋಟಕ್ಕೆ ಬಿದ್ದ ಹಾಲು ಒಂದೇ, ಮಾತು ಮಾತ್ರ ಐದು ಬಗೆ.

ಆಮೇಲೆ ಕೂತು ಜೋಡಿಸಿಕೊಂಡಾಗ ವಿಷಯ ಹೀಗಿತ್ತು. 2022ರ ಡಿಸೆಂಬರ್ 30ರಂದು ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯಲ್ಲಿ ಮೆಗಾ ಡೇರಿ ಉದ್ಘಾಟನೆಗೆ ಬಂದ ಅಮಿತ್ ಶಾ, ಅಮುಲ್ ಮತ್ತು ಕೆಎಂಎಫ್ ಕೈಜೋಡಿಸಿದರೆ ಮೂರು ವರ್ಷದಲ್ಲಿ ಹಳ್ಳಿಹಳ್ಳಿಗೂ ಡೇರಿ ಬರುತ್ತದೆ ಎಂಬರ್ಥದ ಮಾತಾಡಿದ್ದರು. ಮಾರ್ಚ್‌ನಲ್ಲಿ ಮೊಸರಿನ ಪ್ಯಾಕೆಟ್ ಮೇಲೆ "ದಹಿ" ಅಂತ ಹಾಕಬೇಕೆಂಬ ಕೇಂದ್ರದ ಆಹಾರ ಪ್ರಾಧಿಕಾರದ ಆದೇಶ ಬಂದು, ಗಲಾಟೆಯಾಗಿ, 30ನೇ ತಾರೀಕು ವಾಪಸಾಗಿತ್ತು. ಅದರ ಬಿಸಿ ಆರುವ ಮೊದಲೇ ಈ ಟ್ವೀಟ್. ಇನ್ನೊಂದು ಕಡೆ, ಹುಬ್ಬಳ್ಳಿ, ಬೆಳಗಾವಿ ಕಡೆ ಅಮುಲ್ ಹಾಲು ಅದಾಗಲೇ ವರ್ಷಗಳಿಂದ ಮಾರಾಟವಾಗುತ್ತಿತ್ತು. ನಮ್ಮ ನಂದಿನಿಯೂ ಸುಮ್ನೆ ಕೂತಿರಲಿಲ್ಲ. ಕೇರಳದಲ್ಲಿ ಮಳಿಗೆ ತೆರೆದಾಗ ಅಲ್ಲಿನ ಹಾಲು ಒಕ್ಕೂಟ ಮಿಲ್ಮಾ ಇದೇ ಥರ ತಕರಾರು ತೆಗೆದಿತ್ತು.

ಇಷ್ಟನ್ನೂ ಒಂದೇ ಕಡೆ ಹೇಳಿದ ಮಾಧ್ಯಮ ನಮ್ಮ ಮನೆಗೆ ಯಾವುದೂ ಬರುತ್ತಿರಲಿಲ್ಲ. ಅಂದು ಜಗಳ ಆಡಿದ್ದು ನಾವು ಐದು ಜನ ಅಂದುಕೊಂಡಿದ್ದೆ. ಅಸಲಿಗೆ ಆಡಿದ್ದು ನಮ್ಮ ಐದು ಸುದ್ದಿ ಮೂಲಗಳು.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳೋದು, ಯಾವುದನ್ನು ಬಿಡೋದು? "ಎಲ್ಲವನ್ನೂ ನೋಡಿ" ಅನ್ನೋ ಸಲಹೆ ಕೇಳೋಕೆ ಚೆಂದ. ಯಾರಿಗಿದೆ ಅಷ್ಟು ಹೊತ್ತು? ನಾನು ಎರಡೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಸುದ್ದಿ ತಪ್ಪಾದರೆ ಯಾರನ್ನು ಹಿಡಿದು ಕೇಳಬಹುದು? ಈ ಸುದ್ದಿ ನನಗೆ ತಲುಪಿದರೆ ಯಾರಿಗೆ ದುಡ್ಡು? ಬೇಗ ಯಾರು ಕೊಡುತ್ತಾರೆ ಅನ್ನೋದನ್ನ ಲೆಕ್ಕಕ್ಕೇ ತಗೊಂಡಿಲ್ಲ. ರಾಜಕೀಯ ಸುದ್ದಿ ಮೂರು ಗಂಟೆ ತಡವಾಗಿ ಗೊತ್ತಾದರೆ ನಮಗೆ ನಷ್ಟವಾಗೋದು ತೀರಾ ಅಪರೂಪ.

ಪೇಪರ್

ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" ಶುರುವಾದದ್ದು 1843ರ ಜುಲೈ 1ರಂದು, ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ ಕೈಯಲ್ಲಿ. ಈಗಲೂ ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ. ಇಷ್ಟು ಹಳೇ ಮಾಧ್ಯಮವನ್ನು ಮೊದಲು ಇಟ್ಟಿದ್ದು ಅಭಿಮಾನಕ್ಕಲ್ಲ. ಪೇಪರಿನ ತಳದಲ್ಲಿ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಸಂಪಾದಕ, ಮುದ್ರಕ, ಪ್ರಕಾಶಕರ ಹೆಸರು, ವಿಳಾಸ ಇರುತ್ತದಲ್ಲ, ಅದಕ್ಕೆ. 1867ರ ಕಾನೂನಿನ ಕಾಲದಿಂದ ಅದು ಕಡ್ಡಾಯ. ಆ ಕಾನೂನಿನ ಜಾಗಕ್ಕೆ 2023ರಲ್ಲಿ ಹೊಸದು ಬಂತು. ತಪ್ಪು ಬರೆದರೆ ನೋಟಿಸ್ ಕಳಿಸೋಕೆ ಒಂದು ಮನೆ ನಂಬರ್ ಇದೆ ಅನ್ನೋದು ಸಣ್ಣ ಮಾತಲ್ಲ. ಮತ್ತೆ, ಅಚ್ಚಾದದ್ದು ಅಚ್ಚಾಯಿತು. ರಾತ್ರೋರಾತ್ರಿ ಡಿಲೀಟ್ ಮಾಡೋಕೆ ಬರಲ್ಲ.

ದೂರು ಕೊಡೋಕೆ ಪ್ರೆಸ್ ಕೌನ್ಸಿಲ್ ಇದೆ. 1966ರದ್ದು. ಛೀಮಾರಿ ಹಾಕಬಹುದು, ದಂಡ ಹಾಕುವ ಅಧಿಕಾರ ಇಲ್ಲ. ಹಲ್ಲಿಲ್ಲದ ಅಜ್ಜ ಅನ್ನಿ. ಆದರೂ ಅಜ್ಜ ಇದ್ದಾನೆ.

ಪೇಪರಿನ ನಿಜವಾದ ಬಲ ಮುಖಪುಟದಲ್ಲಿಲ್ಲ, ಒಳಗಿನ ಜಿಲ್ಲಾ ಪುಟದಲ್ಲಿದೆ. ನಮ್ಮೂರಿನ ಉದಾಹರಣೆ ಹೇಳುತ್ತೇನೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಇತ್ತು. ಮಾರುಕಟ್ಟೆ ಬೆಲೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ಬೆಂಬಲ ಬೆಲೆ ಗೊತ್ತುಮಾಡೋದು ಕೇಂದ್ರ. ಕೊಳ್ಳೋದು ನಾಫೆಡ್ ಎಂಬ ರಾಷ್ಟ್ರೀಯ ಸಹಕಾರ ಸಂಸ್ಥೆಯ ಪರವಾಗಿ. ಮೇಲೆ ಪ್ರೋತ್ಸಾಹಧನ ಕೊಡೋದು ರಾಜ್ಯ. ಇಷ್ಟು ಕೈಗಳಿರುವ ಕಡೆ ಬೈಗುಳಕ್ಕೆ ಬರವೇ? ಫೋನಿನಲ್ಲಿ ಎರಡೂ ಕಡೆಯವರ ಪೋಸ್ಟರ್ ಓಡಾಡುತ್ತಿದ್ದವು. ಒಂದರಲ್ಲಿ ತಪ್ಪೆಲ್ಲ ದೆಹಲಿಯದು, ಇನ್ನೊಂದರಲ್ಲಿ ತಪ್ಪೆಲ್ಲ ಬೆಂಗಳೂರಿನದು. ಖರೀದಿ ಕೇಂದ್ರ ಎಲ್ಲಿ, ನೋಂದಣಿ ಯಾವಾಗ, ಎಪಿಎಂಸಿಯಲ್ಲಿ ಇವತ್ತಿನ ದರ ಎಷ್ಟು ಅನ್ನೋದು ಬಂದದ್ದು ಮಾತ್ರ ಜಿಲ್ಲಾ ಪುಟದ ಮೂಲೆಯಲ್ಲಿ. ಯಾವ ಟಿ.ವಿ. ಚರ್ಚೆಗೂ ಅದು ಬೇಕಿರಲಿಲ್ಲ.

ಇನ್ನು ದುಡ್ಡಿನ ಪ್ರಶ್ನೆ. ನಾವು ಕೊಡೋ ಪೇಪರ್ ಕಾಸು ಒಂದು ಕಾಫಿಗೂ ಸಾಲದು. ಪೇಪರ್ ನಡೆಯೋದು ಜಾಹೀರಾತಿನಿಂದ, ಅದರಲ್ಲೂ ಸರ್ಕಾರದ ಜಾಹೀರಾತಿನ ಪಾಲು ದೊಡ್ಡದು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತೇ ಬೇಡ, ಓದುಗರ ದುಡ್ಡು ಸಾಕು ಅಂತ ನಡೆಯಿತು. ಆ ದಾರಿ ಹಿಡಿದವರು ಬೆರಳೆಣಿಕೆ. ಉಳಿದ ಕಡೆ ಮಾಲೀಕರು ಯಾರು ಅಂತ ತಿಳಿದುಕೊಂಡು ಓದೋದು ವಾಸಿ. ಪ್ರಜಾವಾಣಿ 1948ರಿಂದ ಒಂದೇ ಕುಟುಂಬದ ಸಂಸ್ಥೆಯದು. ಸಂಯುಕ್ತ ಕರ್ನಾಟಕ ಲೋಕ ಶಿಕ್ಷಣ ಟ್ರಸ್ಟ್‌ನದು. ವಿಜಯ ಸಂಕೇಶ್ವರ ಕಟ್ಟಿದ ವಿಜಯ ಕರ್ನಾಟಕ 2006ರಲ್ಲಿ ಟೈಮ್ಸ್ ಗುಂಪಿಗೆ ಹೋಯಿತು. ಆಮೇಲೆ 2012ರಲ್ಲಿ ಅವರು ವಿಜಯವಾಣಿ ತಂದರು. ಸಂಕೇಶ್ವರ ಬಿಜೆಪಿಯಿಂದ ಸಂಸದರಾಗಿದ್ದವರು. ಕನ್ನಡಪ್ರಭ ಮತ್ತು ಸುವರ್ಣ ನ್ಯೂಸ್‌ನಲ್ಲಿ ಬಿಜೆಪಿ ನಾಯಕ ರಾಜೀವ್ ಚಂದ್ರಶೇಖರ್ ಕಟ್ಟಿದ ಜೂಪಿಟರ್ ಕ್ಯಾಪಿಟಲ್‌ನ ಹೂಡಿಕೆ. ಟಿ.ವಿ. ಕಡೆ ಬಂದರೆ, ಕಸ್ತೂರಿ ವಾಹಿನಿ ಶುರುಮಾಡಿದ್ದು ಎಚ್.ಡಿ. ಕುಮಾರಸ್ವಾಮಿ ಕುಟುಂಬ.

ಇದನ್ನೆಲ್ಲ ಹೇಳಿದ್ದು "ಅಲ್ಲಿ ಬರೋದೆಲ್ಲ ಸುಳ್ಳು" ಅನ್ನೋಕಲ್ಲ. ಆ ಮನೆಗಳಲ್ಲೂ ಒಳ್ಳೇ ವರದಿಗಾರರಿದ್ದಾರೆ. ಮಾಲೀಕರ ಹಿತ ಕಾಣಿಸೋದು ಬರೆದದ್ದರಲ್ಲಿ ಕಡಿಮೆ, ಬರೆಯದೇ ಬಿಟ್ಟದ್ದರಲ್ಲಿ ಜಾಸ್ತಿ. ಒಂದು ದೊಡ್ಡ ಸುದ್ದಿ ಎಲ್ಲ ಪೇಪರ್‌ಗಳ ಮುಖಪುಟದಲ್ಲಿ ಇದ್ದು ನಿಮ್ಮ ಪೇಪರಿನ ಏಳನೇ ಪುಟದಲ್ಲಿದ್ದರೆ, ಅದೇ ಒಂದು ಸುದ್ದಿ.

ಚುನಾವಣೆ ಬಂದಾಗ "ಕಾಸಿಗಾಗಿ ಸುದ್ದಿ"ಯ ಕಾಟ ಬೇರೆ. 2009ರ ಲೋಕಸಭೆ ಚುನಾವಣೆ ಆದಮೇಲೆ ಪ್ರೆಸ್ ಕೌನ್ಸಿಲ್ ಇದಕ್ಕೇ ಉಪಸಮಿತಿ ಮಾಡಿತು. ಆ ಸಮಿತಿ ಹೆಸರು ಹಿಡಿದು ಬರೆದ ವರದಿಯನ್ನು ಪೂರ್ತಿ ಹೊರಗೆ ತರೋಕೆ ಕೌನ್ಸಿಲ್ಲೇ ಮೊದಲು ಹಿಂದೇಟು ಹಾಕಿತು. ಈಗ ಚುನಾವಣಾ ಆಯೋಗ ಜಿಲ್ಲೆಗೊಂದು ಸಮಿತಿ ಇಟ್ಟು ಇದನ್ನು ಹುಡುಕಿಸುತ್ತದೆ. ಸಿಕ್ಕಿಬಿದ್ದರೆ ಆ "ಸುದ್ದಿ"ಯ ಬೆಲೆ ಅಭ್ಯರ್ಥಿಯ ಖರ್ಚಿಗೆ ಸೇರುತ್ತದೆ. ವಿಧಾನಸಭೆಗೆ ಖರ್ಚಿನ ಮಿತಿ 40 ಲಕ್ಷ. ಮನೆಯಲ್ಲೇ ಪತ್ತೆ ಮಾಡೋಕೆ ಒಂದು ಉಪಾಯ ಇದೆ. ಕ್ಷೌರದ ಅಂಗಡಿಯಲ್ಲಿ ಎರಡು ಮೂರು ಪೇಪರ್ ಇರುತ್ತವಲ್ಲ, ಪಕ್ಕಪಕ್ಕ ಇಟ್ಟು ನೋಡಿ. ಒಬ್ಬನೇ ಅಭ್ಯರ್ಥಿ, ಒಂದೇ ಫೋಟೊ, ಒಂದೇ ಹೊಗಳಿಕೆ, ವಾಕ್ಯ ಕೂಡ ಅದೇ ಆಗಿದ್ದರೆ ಮುಂದೆ ಹೇಳಬೇಕಿಲ್ಲ.

ಟಿ.ವಿ.

ಎರಡು ದಿನಕ್ಕೆ ಟಿ.ವಿ. ಬಿಟ್ಟರೆ ಬೇರೆ ಇಲ್ಲ. ಮತ ಎಣಿಕೆ ದಿನ, ಮತ್ತು ಸದನದಲ್ಲಿ ವಿಶ್ವಾಸಮತದ ದಿನ. ಉಳಿದ 363 ದಿನದ ಬಗ್ಗೆ ನನಗೆ ಅನುಮಾನ ಇದೆ.

ಯಾಕೆ ಅಂತ ತಿಳಿಯೋಕೆ ಟಿಆರ್‌ಪಿ ಗೊತ್ತಿರಬೇಕು. ಬಾರ್ಕ್ ಎಂಬ ಸಂಸ್ಥೆ ಆಯ್ದ ಮನೆಗಳಲ್ಲಿ ಮೀಟರ್ ಕೂರಿಸಿ ಯಾರು ಯಾವ ವಾಹಿನಿ ನೋಡಿದರು ಅಂತ ಎಣಿಸುತ್ತದೆ. 2020ರ ಹೊತ್ತಿಗೆ ದೇಶಕ್ಕೆಲ್ಲ ಸೇರಿ ಇಂಥ ಮನೆಗಳು ಸುಮಾರು 44,000. ಆ ಲೆಕ್ಕದ ಮೇಲೆ ಜಾಹೀರಾತಿನ ದರ. ಅದೇ ವರ್ಷ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಟಿಆರ್‌ಪಿ ತಿರುಚುವ ಪ್ರಕರಣ ಹೊರಗೆಳೆದರು. ಬಾರ್ಕ್ ಸುದ್ದಿ ವಾಹಿನಿಗಳ ರೇಟಿಂಗ್ ಕೊಡೋದನ್ನೇ ನಿಲ್ಲಿಸಿ 2022ರ ಮಾರ್ಚ್‌ನಲ್ಲಿ ಮತ್ತೆ ಶುರುಮಾಡಿತು. ಸುಮಾರು ಹದಿನೇಳು ತಿಂಗಳು ರೇಟಿಂಗ್ ಇರಲಿಲ್ಲ. ಕಿರುಚಾಟ ಕಡಿಮೆಯಾಯಿತಾ? ನನ್ನ ಕಿವಿಗಂತೂ ಗೊತ್ತಾಗಲಿಲ್ಲ.

ಇನ್ನೊಂದು ಕಾರಣ ಖರ್ಚು. ರಾಯಚೂರಿನ ಹಳ್ಳಿಗೆ ವರದಿಗಾರ, ಕ್ಯಾಮೆರಾಮನ್, ಗಾಡಿ ಕಳಿಸಿದರೆ ಎರಡು ದಿನ, ಸಾವಿರಾರು ರೂಪಾಯಿ. ಸಿಗೋದು ಮೂರು ನಿಮಿಷದ ಸುದ್ದಿ. ನಾಲ್ಕು ಪಕ್ಷದ ನಾಲ್ಕು ವಕ್ತಾರರನ್ನು ಕಿಟಕಿಗಳಲ್ಲಿ ಕೂರಿಸಿದರೆ ಒಂದು ಗಂಟೆ ತುಂಬುತ್ತದೆ, ಖರ್ಚು ನೀರಿನ ಬಾಟಲಿಯದು. ಹಾಗಾಗಿ ಚರ್ಚೆ ಬೆಳೆಯಿತು, ವರದಿ ಸೊರಗಿತು.

2016ರ ನವೆಂಬರ್ ನೆನಪಿದೆಯಾ? ನೋಟು ರದ್ದಾದಾಗ ಹೊಸ 2,000 ರೂಪಾಯಿ ನೋಟಿನಲ್ಲಿ ನ್ಯಾನೋ ಚಿಪ್ ಇದೆ, ನೆಲದೊಳಗೆ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಸಿಗ್ನಲ್ ಕೊಡುತ್ತದೆ ಎಂಬ ಸುದ್ದಿ. ಹುಟ್ಟಿದ್ದು ವಾಟ್ಸಾಪ್‌ನಲ್ಲಿ. ಆದರೆ ಕನ್ನಡದ್ದೂ ಸೇರಿ ಕೆಲವು ವಾಹಿನಿಗಳು ಅದನ್ನೇ ಎತ್ತಿಕೊಂಡು ಗ್ರಾಫಿಕ್ಸ್ ಹಾಕಿ ತೋರಿಸಿದವು. ರಿಸರ್ವ್ ಬ್ಯಾಂಕ್ ಅಂಥದ್ದೇನೂ ಇಲ್ಲ ಅಂದಿತು. ಚಿಪ್ ಇಲ್ಲದ ಆ ನೋಟನ್ನೂ 2023ರಲ್ಲಿ ಚಲಾವಣೆಯಿಂದ ಹಿಂತೆಗೆದುಕೊಂಡರು. ಇದರಲ್ಲಿ ಗಮನಿಸಬೇಕಾದ್ದು ತಮಾಷೆಯನ್ನಲ್ಲ, ದಾರಿಯನ್ನು. ಫೋನಿನಲ್ಲಿ ಬಂದಾಗ ಅದು ಗಾಳಿಮಾತು. ಟೈ ಕಟ್ಟಿದವರು ಟಿ.ವಿ.ಯಲ್ಲಿ ಹೇಳಿದ ಮೇಲೆ ಸುದ್ದಿ. ಆಮೇಲೆ ಆ ಟಿ.ವಿ. ತುಣುಕೇ ಸಾಕ್ಷಿಯಾಗಿ ಮತ್ತೆ ಫೋನಿಗೆ. ಅಗಸನ ಕಲ್ಲಿಗೆ ಹೋಗಿ ಬಂದ ಬಟ್ಟೆ ಹಾಗೆ, ಸುಳ್ಳು ಬಿಳುಪಾಗಿ ವಾಪಸು ಬರುತ್ತದೆ.

ತಪ್ಪಾದರೆ ಕೇಳೋಕೆ ವಾಹಿನಿಗಳೇ ಮಾಡಿಕೊಂಡ ಒಂದು ಪ್ರಾಧಿಕಾರ ಇದೆ, ಎನ್‌ಬಿಡಿಎಸ್‌ಎ ಅಂತ. ಸದಸ್ಯ ವಾಹಿನಿಗಳಿಗೆ ಮಾತ್ರ ಅನ್ವಯ. ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ ದಂಡ. ಇಷ್ಟರಲ್ಲಿ ಏನಾಗುತ್ತದೆ ಅಂತ ಸುಪ್ರೀಂ ಕೋರ್ಟೇ 2023ರ ಆಗಸ್ಟ್‌ನಲ್ಲಿ ಕೇಳಿತ್ತು.

ಟಿ.ವಿ. ನೋಡಿ ಜನ ಪಕ್ಷ ಬದಲಾಯಿಸುತ್ತಾರಾ? ನನಗೇನೋ ಅದು ಅಷ್ಟು ಸಲೀಸು ಅನ್ನಿಸಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ ಯಾವ ವಿಷಯಕ್ಕೆ ಜಗಳ ಆಗಬೇಕು ಅನ್ನೋದನ್ನ ಟಿ.ವಿ.ಯೇ ಗೊತ್ತುಮಾಡುತ್ತದೆ. 1968ರ ಅಮೆರಿಕದ ಅಧ್ಯಕ್ಷ ಚುನಾವಣೆ ಹೊತ್ತಿಗೆ ಮ್ಯಾಕ್‌ಕೋಂಬ್ಸ್ ಮತ್ತು ಶಾ ಎಂಬ ಇಬ್ಬರು ಪ್ರಾಧ್ಯಾಪಕರು ಚಾಪೆಲ್ ಹಿಲ್ ಎಂಬ ಊರಲ್ಲಿ, ಮತ ಯಾರಿಗೆ ಅಂತ ಇನ್ನೂ ತೀರ್ಮಾನಿಸದ 100 ಜನರನ್ನು ಮಾತಾಡಿಸಿದರು. ದೇಶದ ದೊಡ್ಡ ಸಮಸ್ಯೆ ಅಂತ ಆ ಜನ ಹೇಳಿದ್ದಕ್ಕೂ, ಪೇಪರ್, ಟಿ.ವಿ. ಯಾವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದವು ಅನ್ನೋದಕ್ಕೂ ಹೆಚ್ಚುಕಡಿಮೆ ತಾಳೆಯಾಯಿತು. 2023ರ ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲಿ ಹಾಲಿನ ಬಗ್ಗೆ ಮಾತಾಡಿದ್ದಷ್ಟು ಕೊಬ್ಬರಿ ಬಗ್ಗೆ ಮಾತಾಡಲಿಲ್ಲ. ಮನೆ ನಡೆಯುತ್ತಿದ್ದದ್ದು ಕೊಬ್ಬರಿಯಿಂದ.

ವಾಟ್ಸಾಪ್

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಜನರ ಮನಸ್ಸಿಗೆ ಅತೀ ಹತ್ತಿರ ಇರೋದು ಇದೇ.

ಮೊದಲೇ ಒಂದು ಮಾತು. ವದಂತಿಯನ್ನು ವಾಟ್ಸಾಪ್ ಹುಟ್ಟಿಸಲಿಲ್ಲ. ತೊಂಬತ್ತರ ದಶಕದಲ್ಲಿ ದೆವ್ವ ಬಂದು ಕದ ತಟ್ಟುತ್ತದೆ ಅಂತ ಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದುಕೊಂಡ ಜನ ನಾವು. ಆಗ ಎಷ್ಟು ಮನೆಯಲ್ಲಿ ಫೋನ್ ಇತ್ತು? 2012ರ ಆಗಸ್ಟ್‌ನಲ್ಲಿ ಬರೀ ಎಸ್‌ಎಂಎಸ್, ಎಂಎಂಎಸ್ ಮತ್ತು ಬಾಯಿಮಾತಿನ ಭಯಕ್ಕೆ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. ವಿಶೇಷ ರೈಲು ಬಿಡಬೇಕಾಯಿತು. ಒಬ್ಬರು ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸುವಂತಿಲ್ಲ ಅಂತ ಕೇಂದ್ರ ಸರ್ಕಾರ ಹದಿನೈದು ದಿನ ಕಟ್ಟು ಹಾಕಿತ್ತು.

ಆರು ವರ್ಷ ಕಳೆದು ಅದೇ ಐದರ ಲೆಕ್ಕ ಮತ್ತೆ ಬಂತು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೊ ಊರೂರು ತಿರುಗಿತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ್ದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸು ತಂದು ಬಿಡುತ್ತಾರೆ. ಆ ತುಂಡನ್ನು ಯಾರೋ ಕತ್ತರಿಸಿದ್ದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಅದಾಗಿ ಒಂದು ವಾರದಲ್ಲಿ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸಿತು. 2020ರ ಏಪ್ರಿಲ್‌ನಿಂದ, ಬಹಳ ಕೈ ದಾಟಿ ಬಂದ ಮೆಸೇಜನ್ನು ಒಂದು ಸಲಕ್ಕೆ ಒಬ್ಬರಿಗೋ ಒಂದು ಗುಂಪಿಗೋ ಮಾತ್ರ ಕಳಿಸಬಹುದು. ಅಂಥ ಮೆಸೇಜಿನ ಮೇಲೆ ಎರಡು ಬಾಣದ ಗುರುತು ಇರುತ್ತದೆ. ಮಾಡಿದವರು ಯಾರು ಅಂತ ಮಾತ್ರ ಯಾವ ಗುರುತೂ ಹೇಳಲ್ಲ. ನನ್ನ ಮೊದಲ ಪ್ರಶ್ನೆಗೆ ವಾಟ್ಸಾಪ್ ಬಳಿ ಉತ್ತರವೇ ಇಲ್ಲ.

ಚುನಾವಣೆಯ ಉದಾಹರಣೆಯೂ ಅದೇ ವರ್ಷದ್ದು. 2018ರ ಮೇ ಮೊದಲ ವಾರ, ಬಿಬಿಸಿ ಸಮೀಕ್ಷೆ ಅಂತ ಒಂದು ಮೆಸೇಜ್ ಬಂತು. ಬಿಜೆಪಿಗೆ 135 ಸೀಟು. ಕೆಳಗೆ ಬಿಬಿಸಿಯದೇ ಲಿಂಕ್. ಒತ್ತಿದರೆ ಬಿಬಿಸಿ ಮುಖಪುಟ ತೆರೆಯುತ್ತಿತ್ತು, ಸಮೀಕ್ಷೆ ಮಾತ್ರ ಅಲ್ಲಿರಲಿಲ್ಲ. ಎಷ್ಟು ಜನ ಒತ್ತಿ ನೋಡುತ್ತಾರೆ? ಭಾರತದಲ್ಲಿ ಚುನಾವಣಾ ಪೂರ್ವ ಸಮೀಕ್ಷೆಯನ್ನೇ ನಾವು ಮಾಡಲ್ಲ ಅಂತ ಬಿಬಿಸಿ ಹೇಳಬೇಕಾಯಿತು. ಫಲಿತಾಂಶದಲ್ಲಿ ಬಿಜೆಪಿಗೆ ಬಂದದ್ದು 104. ವಿಧಿಯ ಆಟ ನೋಡಿ, ಐದು ವರ್ಷ ಬಿಟ್ಟು 135 ಸೀಟು ನಿಜವಾಗಿ ಬಂತು, ಕಾಂಗ್ರೆಸ್ಸಿಗೆ.

ಇದನ್ನು ನಂಬಿದವರು ದಡ್ಡರಲ್ಲ. ನಮ್ಮ ದೊಡ್ಡಪ್ಪ ನಿವೃತ್ತ ಮೇಷ್ಟ್ರು, ಗಣಿತದಲ್ಲಿ ಪಂಟರು. ಅವರೂ ಕಳಿಸಿದ್ದರು. ಪೇಪರಿನ ಸುದ್ದಿ ಅಪರಿಚಿತರಿಂದ ಬರುತ್ತದೆ, ವಾಟ್ಸಾಪ್ ಸುದ್ದಿ ಭಾವನಿಂದ, ಅತ್ತೆಯಿಂದ, ಹಳೇ ಸಹಪಾಠಿಯಿಂದ. ಮನುಷ್ಯರ ಮೇಲಿನ ನಂಬಿಕೆ ಮೆಸೇಜಿಗೂ ಅಂಟಿಕೊಳ್ಳುತ್ತದೆ. ಸುಳ್ಳು ಅಂತ ಗುಂಪಿನಲ್ಲಿ ಹೇಳಿದರೆ ಮೆಸೇಜಿಗಲ್ಲ, ದೊಡ್ಡಪ್ಪನ ಮರ್ಯಾದೆಗೆ ಪೆಟ್ಟು. ನಾನು ಒಂದು ಸಲ ಹಾಗೆ ಮಾಡಿ ಗೃಹಪ್ರವೇಶಕ್ಕೆ ಕರೆ ತಪ್ಪಿಸಿಕೊಂಡಿದ್ದೇನೆ. ಈಗ ಬೇರೆಯಾಗಿ ಫೋನ್ ಮಾಡಿ, "ದೊಡ್ಡಪ್ಪ, ಆ ಮೆಸೇಜ್ ಎಲ್ಲಿಂದ ಬಂತು? ನಂಗೂ ಡೌಟು, ನೋಡ್ತೀರಾ ಸ್ವಲ್ಪ?" ಅಂತ ಅವರಿಗೇ ಕೆಲಸ ಕೊಡುತ್ತೇನೆ. ಮೇಷ್ಟ್ರಲ್ವಾ, ತಪ್ಪು ಹುಡುಕೋಕೆ ಕೂತರೆ ಬಿಡಲ್ಲ. ಎಷ್ಟೋ ಸಲ ಅವರೇ ಡಿಲೀಟ್ ಮಾಡಿದ್ದಾರೆ.

ಹಾಗಂತ ವಾಟ್ಸಾಪ್ ಬಿಡಿ ಅನ್ನಲ್ಲ. ನೀರು ಯಾವಾಗ ಬಿಡ್ತಾರೆ, ಕರೆಂಟ್ ಯಾಕೆ ಹೋಯ್ತು, ಗ್ರಾಮಸಭೆ ಎಷ್ಟು ಗಂಟೆಗೆ ಅನ್ನೋದಕ್ಕೆ ಅದರ ಮುಂದೆ ಯಾವುದೂ ಇಲ್ಲ. ಕಳಿಸಿದವರು ಕಣ್ಣಾರೆ ಕಂಡದ್ದಾದರೆ ನಂಬಿ. ಕಳಿಸಿದವರಿಗೇ ಬೇರೆಯವರು ಕಳಿಸಿದ್ದಾದರೆ ನಿಲ್ಲಿಸಿ.

ಯೂಟ್ಯೂಬ್, ಫೇಸ್‌ಬುಕ್, ರೀಲ್ಸ್

ಇಲ್ಲಿ ಅತಿ ಒಳ್ಳೇದೂ ಇದೆ, ಅತಿ ಕೆಟ್ಟದ್ದೂ ಇದೆ, ಎರಡಕ್ಕೂ ಒಂದೇ ಬಣ್ಣದ ಥಂಬ್‌ನೇಲ್. ಟಿ.ವಿ., ಪೇಪರ್ ಬಿಟ್ಟು ಬಂದ ಅನುಭವಿ ಪತ್ರಕರ್ತರು ಸ್ವಂತ ಚಾನೆಲ್ ಮಾಡಿ, ಒಂದೇ ವಿಷಯವನ್ನು ಮುಕ್ಕಾಲು ಗಂಟೆ ಬಿಡಿಸಿ ಹೇಳುತ್ತಾರೆ. ಟಿ.ವಿ.ಗೆ ಬೇಡವಾದ ತಾಲ್ಲೂಕು ಸುದ್ದಿಯನ್ನು ಊರಿನ ಹುಡುಗರೇ ಮೊಬೈಲ್ ಹಿಡಿದು ತೋರಿಸುತ್ತಾರೆ. ಅದರ ಪಕ್ಕದಲ್ಲೇ "ಸಿಎಂಗೆ ಶಾಕ್! ರಾತ್ರೋರಾತ್ರಿ ಏನಾಯ್ತು?" ಅಂತ ಕೆಂಪು ಅಕ್ಷರ. ಒಳಗೆ ಹೋದರೆ ಏನೂ ಆಗಿರಲ್ಲ.

2025ರ ಧರ್ಮಸ್ಥಳ ಪ್ರಕರಣದಲ್ಲಿ ಈ ಎರಡು ಮುಖವೂ ಕಂಡವು. ಜುಲೈನಲ್ಲಿ ಮಾಜಿ ಸ್ವಚ್ಛತಾ ಕೆಲಸಗಾರನೊಬ್ಬ ಹಿಂದೆ ತಾನು ಶವಗಳನ್ನು ಹೂತ ಬಗ್ಗೆ ದೂರು ಕೊಟ್ಟ. ಬೆಂಗಳೂರಿನ ನ್ಯಾಯಾಲಯವೊಂದು ಮಾನಹಾನಿ ದಾವೆಯಲ್ಲಿ 8,842 ಲಿಂಕ್‌ಗಳನ್ನು ತೆಗೆಯಲು ಆದೇಶಿಸಿತು. ಕುಡ್ಲ ರ‍್ಯಾಂಪೇಜ್ ಎಂಬ ಮಂಗಳೂರಿನ ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋಯಿತು. ಆಗಸ್ಟ್ 1ರಂದು ಆ ಚಾನೆಲ್ ಮೇಲಿನ ತಡೆ ರದ್ದಾಯಿತು. ಅಷ್ಟು ಜನ ಪ್ರತಿವಾದಿಗಳಲ್ಲಿ ಒಂದು ಸಣ್ಣ ಚಾನೆಲ್ ಹೈಕೋರ್ಟಿನ ಮೆಟ್ಟಿಲು ಹತ್ತಿ ಗೆದ್ದು ಬಂತು. ಅದೇ ಸಮಯದಲ್ಲಿ, ಅಗೆತ ನಡೆಯುತ್ತಿರುವಾಗಲೇ, ಎಐನಲ್ಲಿ ಮಾಡಿದ ದೃಶ್ಯ ಸೇರಿಸಿ ಕಥೆ ಕಟ್ಟಿದ ವಿಡಿಯೊಗಳೂ, ದೂರನ್ನೇ ಪೂರ್ತಿ ಪಿತೂರಿ ಅಂತ ತೀರ್ಪು ಕೊಟ್ಟ ವಿಡಿಯೊಗಳೂ ಲಕ್ಷಗಟ್ಟಲೆ ಓಡಿದವು. ಆಗಸ್ಟ್ 23ರಂದು ವಿಶೇಷ ತನಿಖಾ ತಂಡ ಆ ದೂರುದಾರನನ್ನೇ ಬಂಧಿಸಿತು. ಸತ್ಯ ಏನು ಅಂತ ಹೇಳೋದು ತನಿಖೆ ಮತ್ತು ಕೋರ್ಟಿನ ಕೆಲಸ. ನಾನು ನೋಡಿದ್ದು ಇಷ್ಟು: ನನ್ನ ಪರಿಚಯದ ಹತ್ತು ಜನರಲ್ಲಿ ಒಬ್ಬರಿಗೂ ತಮ್ಮ ನಂಬಿಕೆಗೆ ವಿರುದ್ಧದ ವಿಡಿಯೊ ಬಂದೇ ಇರಲಿಲ್ಲ. ಒಂದು ಕಡೆಯದನ್ನು ಎರಡು ನಿಮಿಷ ಜಾಸ್ತಿ ನೋಡಿದರೆ ಸಾಕು, ಯಂತ್ರ ಅದನ್ನೇ ಬಡಿಸುತ್ತಾ ಹೋಗುತ್ತದೆ. ಹೊಟ್ಟೆ ತುಂಬಿತು ಅಂತ ಎಲೆ ಮಡಚಿದರೂ ಬಿಡಲ್ಲ.

ಸುಳ್ಳಿಗೆ ಕಾಲು ಜೋರು ಅನ್ನೋದಕ್ಕೆ ಲೆಕ್ಕವೂ ಇದೆ. ಅಮೆರಿಕದ ಎಂಐಟಿಯವರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಓಡಾಡಿದ ಸುಮಾರು 1.26 ಲಕ್ಷ ಸುದ್ದಿಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ನಿಜಕ್ಕಿಂತ ಸುಳ್ಳು ಮರುಹಂಚಿಕೆ ಆಗುವ ಸಾಧ್ಯತೆ ಶೇ 70ರಷ್ಟು ಜಾಸ್ತಿ. ಹಂಚಿದ್ದು ಯಂತ್ರಗಳಲ್ಲ, ಮನುಷ್ಯರೇ. ಸುಳ್ಳು ಹೊಸದಾಗಿ, ಅಚ್ಚರಿಯಾಗಿ ಇರುತ್ತದಲ್ಲ, ಅದಕ್ಕೆ.

ಒಂದು ಉಪಯೋಗದ ವಿಷಯ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ದುಡ್ಡು ಕೊಟ್ಟು ಹಾಕಿಸಿದ ರಾಜಕೀಯ ಜಾಹೀರಾತನ್ನು ಯಾರು ಹಾಕಿಸಿದರು, ಸುಮಾರು ಎಷ್ಟು ಖರ್ಚು ಅಂತ ಮೆಟಾದ ಆ್ಯಡ್ ಲೈಬ್ರರಿಯಲ್ಲಿ ಯಾರು ಬೇಕಾದರೂ ನೋಡಬಹುದು. ಗೂಗಲ್‌ನಲ್ಲೂ ಇಂಥದ್ದೇ ಪುಟ ಇದೆ. ಕೇಳದ ಹೆಸರಿನ ಪುಟ ಒಂದು ಪಕ್ಷವನ್ನು ಮಾತ್ರ ಬೈಯುತ್ತಿದ್ದರೆ ಅಲ್ಲಿ ಹುಡುಕಿ. ರಾಜ್ಯ ಸರ್ಕಾರವೂ 2024ರಲ್ಲಿ ಡಿಜಿಟಲ್ ಜಾಹೀರಾತಿಗೆ ಮಾರ್ಗಸೂಚಿ ತಂದಿದೆ. ಅಂದರೆ ಪೇಪರಿಗೆ ಹೋಗುತ್ತಿದ್ದ ಸರ್ಕಾರಿ ದುಡ್ಡು ಈಗ ಈ ಕಡೆಗೂ ಬರುತ್ತದೆ. ನಿಮ್ಮ ಮೆಚ್ಚಿನ ಇನ್‌ಫ್ಲುಯೆನ್ಸರ್ ಇದ್ದಕ್ಕಿದ್ದಂತೆ ಯೋಜನೆಯೊಂದನ್ನು ಹೊಗಳಿದರೆ ಅದೂ ತಲೆಯಲ್ಲಿರಲಿ.

ರೇಡಿಯೊ

ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಓದೋಕೆ ಅನುಮತಿ ಇಲ್ಲ. ಹಾಗಾಗಿ ರೇಡಿಯೊ ಸುದ್ದಿ ಅಂದರೆ ಆಕಾಶವಾಣಿಯೇ. ಆ ಹೆಸರು ಹುಟ್ಟಿದ್ದು ಮೈಸೂರಿನಲ್ಲಿ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮನೆಯಲ್ಲೇ ನಡೆಸಿದ ಬಾನುಲಿಯಿಂದ. ಸರ್ಕಾರದ್ದು, ಆಳುವವರಿಗೆ ಇರಿಸುಮುರಿಸಾಗುವ ಪ್ರಶ್ನೆ ಅಲ್ಲಿ ಕೇಳಿಸಲ್ಲ. ಆದರೆ ಪ್ರದೇಶ ಸಮಾಚಾರದ ಹತ್ತು ನಿಮಿಷದಲ್ಲಿ ಯಾರೂ ಕಿರುಚಲ್ಲ. ಏನಾಯಿತು ಅಂತ ಹೇಳಿ, ಮುಂದಿನ ಸುದ್ದಿಗೆ ಹೋಗುತ್ತಾರೆ. ಹತ್ತು ನಿಮಿಷ ಮಾತ್ರ ಇರುವವರಿಗೆ ಇದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ.

ಯಾರಿಗೆ ಯಾವುದು?

ಮೊದಲ ಸಲ ಮತ ಹಾಕುವವರು ಸುದ್ದಿಗಿಂತ ಮೊದಲು ಮೂಲಕ್ಕೆ ಹೋಗಿ. ಅಭ್ಯರ್ಥಿಯ ಆಸ್ತಿ, ಕ್ರಿಮಿನಲ್ ಪ್ರಕರಣ, ಓದು ಎಲ್ಲ ಇರುವ ಪ್ರಮಾಣಪತ್ರ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೇ ಸಿಗುತ್ತದೆ. ಯಾವ ಆ್ಯಂಕರ್‌ಗಿಂತಲೂ ಅದು ಜಾಸ್ತಿ ಹೇಳುತ್ತದೆ. ಅದರ ಜತೆಗೆ ಒಂದು ಪೇಪರಿನ ಜಿಲ್ಲಾ ಪುಟ ಸಾಕು.

ರೈತರಾದರೆ ಪೇಪರ್ ಮತ್ತು ರೇಡಿಯೊ. ಬೆಲೆ ವಿಷಯಕ್ಕೆ ಯೂಟ್ಯೂಬ್ ಭವಿಷ್ಯವಾಣಿ ನಂಬಿ ಕೊಬ್ಬರಿ ಅಟ್ಟದಲ್ಲೇ ಇಟ್ಟು ಕೈಸುಟ್ಟುಕೊಂಡವರನ್ನು ನೋಡಿದ್ದೇನೆ.

ಅಮೆರಿಕ, ಗಲ್ಫ್ ಕಡೆ ಇರುವ ಕನ್ನಡಿಗರದು ಬೇರೆ ಕಥೆ. ಊರು ಕಣ್ಣಿಗೆ ಕಾಣಲ್ಲ, ಫೋನಿನಲ್ಲಿ ಬಂದದ್ದೇ ಊರು. ಅದಕ್ಕೇ ಅವರಿಗೆ ಸಿಟ್ಟೂ ಜಾಸ್ತಿ, ಭಯವೂ ಜಾಸ್ತಿ ಅನ್ನಿಸುತ್ತದೆ. ವಾಟ್ಸಾಪ್ ಬದಲು ಎರಡು ಇ-ಪೇಪರ್ ಓದಿ, ಮಾಲೀಕರು ಬೇರೆ ಬೇರೆ ಇರುವಂಥವು. ಊರಲ್ಲಿರುವ ಒಬ್ಬರಿಗೆ ಫೋನ್ ಮಾಡಿ, ರಾಜಕೀಯ ಬಿಟ್ಟು ಮಳೆ ಆಯ್ತಾ ಅಂತ ಕೇಳಿ.

ರಾಜಕೀಯದ ಹುಚ್ಚಿರುವವರು ಸದನದ ಕಲಾಪವನ್ನೇ ನೋಡಬೇಕು. 2019ರ ಅಕ್ಟೋಬರ್‌ನಲ್ಲಿ ಆಗಿನ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ವಿಧಾನಸಭೆಯೊಳಗೆ ಬಿಡದಂತೆ ಮಾಡಿದರು. ಪತ್ರಕರ್ತರು ಪ್ರತಿಭಟಿಸಿದರು, ಅದು ನ್ಯಾಯವೇ. ನಾವು ಮನೆಯಿಂದ ನೇರಪ್ರಸಾರ ನೋಡಬಹುದು. ಬೇಜಾರಾಗುತ್ತದೆ. ಟಿ.ವಿ.ಯಲ್ಲಿ ಸಿಂಹದಂತೆ ಗರ್ಜಿಸುವವರು ಸದನಕ್ಕೆ ಎಷ್ಟು ದಿನ ಬಂದರು ಅನ್ನೋದೂ ಗೊತ್ತಾಗುತ್ತದೆ.

ವಯಸ್ಸಾದವರ ಮನೆಯಲ್ಲಿ ಟಿ.ವಿ. ನಿಲ್ಲಿಸೋಕೆ ಹೋಗಬೇಡಿ. ಅದು ಸುದ್ದಿಗಲ್ಲ, ಜತೆಗೆ. ನಾನು ಅಮ್ಮನಿಗೆ ಒಂದು ರೇಡಿಯೊ ತಂದುಕೊಟ್ಟೆ, ಅಷ್ಟೇ. ಬೆಳಗ್ಗೆ ಅಡುಗೆಮನೆಯಲ್ಲಿ ಅದು ಓಡುತ್ತದೆ, ರಾತ್ರಿ ಒಂಬತ್ತಕ್ಕೆ ಟಿ.ವಿ. ಇದ್ದೇ ಇದೆ. ಅಪ್ಪ ಪೇಪರ್ ಬದಲಾಯಿಸೋಕೆ ಒಪ್ಪಿಲ್ಲ, ನಲವತ್ತು ವರ್ಷದಿಂದ ಒಂದೇ. ಎದುರು ಮನೆಯವರು ಬೇರೆ ಪೇಪರ್ ತರಿಸುತ್ತಾರೆ. ಹನ್ನೊಂದು ಗಂಟೆ ಹೊತ್ತಿಗೆ ಇಬ್ಬರೂ ಅದಲುಬದಲು ಮಾಡಿಕೊಳ್ಳುತ್ತಾರೆ. ಆಮೇಲೆ ಜಗಲಿ ಮೇಲೆ ಕೂತು, ಅವರದ್ದರಲ್ಲಿ ಬಂದದ್ದು ಇವರದ್ದರಲ್ಲಿ ಯಾಕೆ ಬರಲಿಲ್ಲ ಅಂತ ಮಧ್ಯಾಹ್ನದ ಊಟದವರೆಗೆ ವಾದ.